ಜೇಡವಲ್ಲದ ಜೇಡ: ಒಂದು ಹುಸಿನೊಣದ ವಿವೇಚನೆ

ಗಾಳಕ್ಕೆ ಕಟ್ಟುವ ಎರೆಯಲ್ಲಿ ಎರಡು ಬಗೆ. ಒಂದು ಮೀನು ನಿಜವಾಗಿ ತಿನ್ನತಕ್ಕದ್ದು. ಇನ್ನೊಂದು ತಿನ್ನತಕ್ಕದ್ದೆಂದು ಅದನ್ನು ನಂಬಿಸತಕ್ಕದ್ದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೊದಲನೆಯ ಬಗೆಯ ವಿವರಣೆಯಿದೆ. ಟ್ರೌಟ್ ಮೀನಿಗಾಗಿ ಬ್ರಿಟನ್ನಿನಲ್ಲಿ ಬೆಳೆದ ಹುಸಿನೊಣಗಳು ಎರಡನೆಯ ಬಗೆಯವು. ಇವುಗಳಲ್ಲಿ 'ಸ್ಪೈಡರ್', ಅಂದರೆ ಜೇಡ, ಎಂಬ ಹೆಸರಿನದನ್ನು ಇಲ್ಲಿ ವಿಚಾರಿಸುತ್ತೇವೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಟ್ರೌಟ್ ಇಲ್ಲ, ಇರಲೂ ಆರದು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಮೀರಿದರೆ ಆ ಮೀನು ಸೊರಗುತ್ತದೆ. ದಕ್ಷಿಣ ಭಾರತದಲ್ಲಿ ಅದಕ್ಕೆ ನೀಲಗಿರಿಯ ತಂಪು ತೊರೆಗಳು ಬೇಕಾದವು. ಅಲ್ಲಿಯೂ ಫ್ರಾನ್ಸಿಸ್ ಡೇ 1863ರಲ್ಲಿ ತೊಡಗಿದ ಯತ್ನ ಫಲಿಸದೆ, 1907ರ ಸುಮಾರಿಗೆ ಎಚ್. ಸಿ. ವಿಲ್ಸನ್ನರ ಕಾಲದಲ್ಲಿ ಅದು ನೆಲೆಗೊಂಡಿತು. ಆದರೆ ಜೇಡದ ಗಾಳದ ತತ್ತ್ವವು ಟ್ರೌಟಿಗೆ ಮಾತ್ರ ಸೇರಿದುದಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಹೆಸರಿನ ತೊಡಕನ್ನು ಬಿಡಿಸಬೇಕು. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟುವರ್ಟ್ 1857ರ ತನ್ನ ಗ್ರಂಥದಲ್ಲಿ ಕಪ್ಪು, ಕೆಂಪು, ಬೂದು ಎಂಬ ಮೂರು ಜೇಡಗಳನ್ನು ಪ್ರಸಿದ್ಧಿಗೆ ತಂದನು. ಕೊಕ್ಕೆಯ ಸುತ್ತ ಗರಿಯ ಎಳೆಗಳು ಕಾಲುಗಳಂತೆ ಚಾಚಿಕೊಂಡಿರುವುದರಿಂದ ಅಂಗೈಯಲ್ಲಿಟ್ಟಾಗ ಅದು ಜೇಡದಂತೆಯೇ ತೋರುತ್ತದೆ. ನೀರಿಗೆ ಬಿದ್ದೊಡನೆ ಈ ರೂಪ ಉಳಿಯುವುದಿಲ್ಲ. ಒದ್ದೆಯಾದ ಎಳೆಗಳು ಹಿಂದಕ್ಕೆ ಮಡಿದು, ಸೆಳವಿನ ಪ್ರತಿಯೊಂದು ಅಲುಗಾಟಕ್ಕೂ ಮಿಡಿಯುತ್ತವೆ. ಆಗ ಅದು ಪೊರೆ ಕಳಚಿ ಮೇಲೇರುವ ಅಥವಾ ಮುಳುಗಿ ಒದ್ದಾಡುವ ಒಂದು ಕೀಟ. ಹರಿಯುವ ನೀರಿನಲ್ಲಿ ಮೀನಿಗೆ ನಿರ್ಧರಿಸಲು ಸಿಗುವ ಕಾಲ ಅತ್ಯಲ್ಪ. ಕಾಲುಗಳನ್ನು ಎಣಿಸುವ ಬಿಡುವು ಅದಕ್ಕಿಲ್ಲ. ಯಾವುದೋ ಒಂದು ಕೀಟದ ತದ್ರೂಪಕ್ಕಿಂತ ಗರಿಯ ಮೃದುತ್ವವೇ ಮುಖ್ಯವೆಂದು ಸ್ಟುವರ್ಟ್ ವಾದಿಸಿದ್ದು ಇದರಿಂದಲೇ. ಅನುಕರಣವೆಂದರೆ ಆಕಾರದ ಅನುಕರಣವೇ, ಚಲನೆಯದೇ ಎಂಬ ಪ್ರಶ್ನೆಗೆ ಇಷ್ಟು ಸರಳವಾದ ಪ್ರಾಯೋಗಿಕ ಉತ್ತರ ಬೇರೆಡೆ ದೊರೆಯುವುದು ವಿರಳ.

ಕಟ್ಟುವ ಕ್ರಮದಲ್ಲಿ ಮಿತವ್ಯಯವೇ ನಿಯಮ. 14 ಅಥವಾ 16ನೆಯ ಅಳತೆಯ ಸಣ್ಣ ಕೊಕ್ಕೆಯನ್ನು ಹಿಡಿಕೆಯಲ್ಲಿ ಬಿಗಿದು, ಜೇನುಮೇಣ ಸವರಿದ ರೇಶಿಮೆಯ ಎಳೆಯನ್ನು ಕೊಕ್ಕೆಯ ಕಣ್ಣಿನ ಹಿಂದಿನಿಂದ ಒತ್ತಾಗಿ ಸುತ್ತುತ್ತ ಬಾಗಿನವರೆಗೆ ಒಯ್ದು ಮರಳಿ ತರಬೇಕು. ಮೈಯೆಂದರೆ ಇಷ್ಟೇ. ಬಳಿಕ ಮೆತ್ತನೆಯ ಚಿಕ್ಕ ಗರಿಯೊಂದನ್ನು ಎರಡು ಸುತ್ತು ಸುತ್ತಿ, ಅದರ ಮುಂದೆ ಗಂಟು ಹಾಕಬೇಕು. ಮೂರನೆಯ ಸುತ್ತಿನ ಆಸೆಗೆ ಬಿದ್ದರೆ ಗರಿ ದಟ್ಟವಾಗಿ, ಮಿಡಿತ ಸಾಯುತ್ತದೆ. (ಜೇಡ ಎಂಬ ಮಾತಿಗೆ ನೇಯ್ಗೆಯವನೆಂಬ ಅರ್ಥವೂ ನಮ್ಮಲ್ಲಿ ಇದ್ದುದನ್ನು ಜೇಡರ ದಾಸಿಮಯ್ಯನ ಹೆಸರು ನೆನಪಿಸುತ್ತದೆ, ನೂಲಿನ ಈ ಕೆಲಸಕ್ಕೆ ಆ ಹೆಸರು ಒಪ್ಪುತ್ತದೆ.) ಕಪ್ಪು ಜೇಡಕ್ಕೆ ಸ್ಟುವರ್ಟ್ ಬಳಸಿದ್ದು ಸ್ಟಾರ್ಲಿಂಗ್ ಹಕ್ಕಿಯ ಗರಿ. ನಮ್ಮಲ್ಲಿ ಊರಕೋಳಿಯ ಹೇಂಟೆಯ ಕತ್ತಿನ ಗರಿ ಸಾಕು. ಹುಂಜದ ಗರಿ ಬಿರುಸು. ನವಿಲುಗರಿಯ ಎಳೆಯನ್ನು ಮೈಗೆ ಸುತ್ತುವುದೂ ಉಂಟು. ಆದರೆ ಶಿಗ್ಗಾಂವಿ ತಾಲೂಕಿನ ಬಂಕಾಪುರ ಕೋಟೆಯ ನವಿಲುಗಳತ್ತ ಯಾರೂ ಕೈ ಚಾಚದಿರಲಿ. 1972ರ ವನ್ಯಜೀವಿ ಕಾಯಿದೆ ಅವಕ್ಕೆ ರಕ್ಷಣೆ ಕೊಟ್ಟಿದೆ.

ಮೀನು ಸೆಳವಿಗೆ ಮುಖಮಾಡಿ ನಿಲ್ಲುತ್ತದೆ. ಆದುದರಿಂದ ಕೆಳಗಿನಿಂದ, ಅದರ ಬೆನ್ನ ಹಿಂದೆ ಸಾಗಿ, ಗಾಳವನ್ನು ಮೇಲ್ಮುಖವಾಗಿ ಎಸೆದು ಸೆಳವಿನೊಡನೆ ತೇಲಿಬರಲು ಬಿಡಬೇಕೆಂಬುದು ಸ್ಟುವರ್ಟನ ಮುಖ್ಯ ಬೋಧೆ. ದಾರ ಗಿಡ್ಡವಾಗಿರಬೇಕು, ಎಳೆದರೆ ಮೋಸ ಬಯಲಾಗುತ್ತದೆ.

ಇನ್ನು ನಮ್ಮ ನೀರು. ಕೆರೆಗಳಲ್ಲಿ ಬಿತ್ತಿ ಬೆಳೆಸುವ ಕಾಟ್ಲಾ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವ ಮೀನು. ಅದಕ್ಕೆ ಹುಸಿನೊಣ ಒಡ್ಡುವುದು ವ್ಯರ್ಥ. ಮದಗ-ಮಾಸೂರಿನಂಥ ಹಿರಿಯ ಕೆರೆಯಲ್ಲಿಯೂ ನಿಂತ ನೀರಾದ್ದರಿಂದ ಈ ಕ್ರಮ ಅರ್ಧ ಮಾತ್ರ ಸಲ್ಲುತ್ತದೆ. ಹಾನಗಲ್ಲ ಸೀಮೆಯ ಧರ್ಮಾ, ಸವಣೂರಿನತ್ತ ಸಾಗುವ ವರದಾ, ಇವುಗಳ ಹರಿವೇ ಇದಕ್ಕೆ ತಕ್ಕದ್ದು. ಮೇಲ್ಮುಖ ಬಾಯಿಯ, ಬೆಳ್ಳಿಮೈಯ ಸಾಲ್ಮೋಫೇಸಿಯ, ರಾಸ್ಬೋರಾ ಮೊದಲಾದ ಸಣ್ಣ ಮೀನುಗಳು ನೀರಿನ ಮೇಲ್ಪದರದ ಕೀಟಗಳನ್ನು ಹಿಡಿಯುತ್ತವೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದ ಗಾಳದ ಗ್ರಂಥವನ್ನು ಆಸಕ್ತರು ಇದರೊಡನೆ ಓದಬಹುದು.

ನಿಜವಾದ ಜೇಡಕ್ಕೂ ಇಲ್ಲಿ ಪಾತ್ರವುಂಟು. ಬತ್ತದ ಗದ್ದೆಗಳಲ್ಲಿ ಬಲೆ ನೇಯದೆ ಓಡಾಡಿ ಬೇಟೆಯಾಡುವ ತೋಳಜೇಡಗಳು ಹೇರಳ. ಮಳೆಗೆ ಗದ್ದೆಯ ನೀರು ಕಾಲುವೆಗೆ ಹರಿದಾಗ ಅವೂ ಮೀನಿನ ಪಾಲಾಗಬಲ್ಲವು. ಕೀಟನಾಶಕದ ಸಿಂಪರಣೆ ಹೆಚ್ಚಿದಲ್ಲಿ ಮೊದಲು ಅಳಿಯುವವುಗಳಲ್ಲಿ ಇವೂ ಸೇರಿವೆ. ಹೊಳೆಯ ಮೀನಿಗೆ ಗದ್ದೆಯಿಂದ ಬರುವ ಆಹಾರವನ್ನು ಲೆಕ್ಕಹಾಕುವವರು ಇದನ್ನು ಗಮನಿಸಬೇಕು. ಪ್ರಯೋಗಿಸಬಯಸುವ ವಿದ್ಯಾರ್ಥಿಗಳಿಗೆ ಮಳೆಗಾಲದ ಕೆನ್ನೀರು ತಿಳಿಯಾದ ಮೇಲಿನ ವಾರಗಳೇ ಸರಿಯಾದ ಕಾಲ. ಒಂದೇ ಬಣ್ಣದ, ಒಂದೇ ಅಳತೆಯ ಎರಡು ಜೇಡಗಳನ್ನು, ಒಂದನ್ನು ಹೇಂಟೆಯ ಗರಿಯಿಂದ, ಇನ್ನೊಂದನ್ನು ಹುಂಜದ ಗರಿಯಿಂದ ಕಟ್ಟಿ, ಒಂದೇ ಮಡುವಿನಲ್ಲಿ ಸರದಿಯಂತೆ ಬಿಟ್ಟು ಮೀನು ಮುಟ್ಟಿದ ಸಲಗಳನ್ನು ಬರೆದಿಡಬೇಕು.