ತಲೆಯ ಗಂಟು: ಕೈಗೆ ಸಿಕ್ಕಿದ್ದೆಷ್ಟು, ಸ್ಕ್ಯಾನಿಗೆ ಕಂಡದ್ದೆಷ್ಟು?

ಬೇಸಿಗೆ ರಜೆಗೆ ಮಕ್ಕಳನ್ನು ಕರ್ಕೊಂಡು ತವರುಮನೆ ಹುಲಿಯೂರುದುರ್ಗಕ್ಕೆ ಹೋಗಿದ್ದೀರಿ ಅಂತಿಟ್ಟುಕೊಳ್ಳಿ. ಜಗಲಿ ಮೇಲೆ ಕೂತು ಮೊಮ್ಮಗಳ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದ ಅಜ್ಜಿ, "ಇದೇನೇ ಇಲ್ಲಿ ಗಟ್ಟಿಯಾಗಿ ಸಿಗುತ್ತೆ?" ಅಂತಾರೆ. ಮುಟ್ಟಿ ನೋಡ್ತೀರಿ. ಹುಣಸೆಬೀಜದಷ್ಟು ಗಂಟು. ನೋವಿಲ್ಲ, ಕೆಂಪಾಗಿಲ್ಲ. ಮಗುವಿಗೆ ಅದರ ಪರಿವೆಯೇ ಇಲ್ಲ, ಆದರೆ ನಿಮಗೆ ಆ ರಾತ್ರಿ ನಿದ್ದೆಯಿಲ್ಲ. ಒಬ್ಬರು ಉಪ್ಪಿನ ಶಾಖ ಕೊಡು ಅಂದರೆ, ಇನ್ನೊಬ್ಬರು ಕ್ಯಾನ್ಸರ್ ಹೆಸರೆತ್ತಿ ಹೆದರಿಸ್ತಾರೆ. ಇಬ್ಬರ ಮಾತನ್ನೂ ಸ್ವಲ್ಪ ಪಕ್ಕಕ್ಕಿಡಿ.

ತಲೆಯಲ್ಲಿ ಸಿಗುವ ಎಷ್ಟೋ ಗಂಟುಗಳು ಬರೀ ಚರ್ಮದವು. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಚರ್ಮದ ಜೊತೆ ಅತ್ತಿತ್ತ ಜಾರುತ್ತವೆ. ಜಾರದೆ ಮೂಳೆಗೆ ಅಂಟಿಕೊಂಡಂತೆ ಕೂತಿದ್ದರೆ ಮಾತ್ರ ವಿಷಯ ಬೇರೆ. ನಮ್ಮ ಬುರುಡೆಯ ಮೂಳೆ ಒಂದೇ ಹಲಗೆಯಲ್ಲ ಕಣ್ರೀ, ಕ್ರೀಮ್ ಬಿಸ್ಕತ್ತಿನ ಹಾಗೆ. ಮೇಲೊಂದು ಗಟ್ಟಿ ಪದರ, ಕೆಳಗೊಂದು, ನಡುವೆ ಸ್ಪಂಜಿನಂಥ ಮೂಳೆ. ಮಗು ಗರ್ಭದಲ್ಲಿದ್ದಾಗ, ಮೊದಲ ಕೆಲವು ವಾರಗಳಲ್ಲೇ, ಚರ್ಮವಾಗಬೇಕಾದ ನಾಲ್ಕು ಜೀವಕೋಶ ದಾರಿ ತಪ್ಪಿ ಆ ನಡುವಿನ ಪದರದಲ್ಲಿ ಸಿಕ್ಕಿಬೀಳುವುದುಂಟು. ನಮ್ಮ ಮೈಚರ್ಮ ಉದುರಿ ಸ್ನಾನದಲ್ಲಿ ಹೋಗುತ್ತೆ. ಒಳಗೆ ಸಿಕ್ಕಿಕೊಂಡದ್ದು ಎಲ್ಲಿಗೆ ಹೋಗಬೇಕು? ಅಲ್ಲೇ ಶೇಖರವಾಗಿ, ವರ್ಷಾನುಗಟ್ಟಲೆ ನಿಧಾನವಾಗಿ ಬೆಳೆದು, ಮೂಳೆಯನ್ನು ಸವೆಸುತ್ತೆ. ಇದೇ ಎಪಿಡರ್ಮಾಯ್ಡ್ ಸಿಸ್ಟ್. ಕೂದಲು, ಬೆವರುಗ್ರಂಥಿಯೂ ಸೇರಿಕೊಂಡಿದ್ದರೆ ಡರ್ಮಾಯ್ಡ್. ಬಹುಪಾಲು ಇವು ಕ್ಯಾನ್ಸರ್ ಅಲ್ಲ. ಗರ್ಭಿಣಿಯಾಗಿದ್ದಾಗ ನೀವು ಏನೋ ತಿಂದದ್ದಕ್ಕೆ ಬಂದದ್ದಂತೂ ಅಲ್ಲವೇ ಅಲ್ಲ, ಆ ಕೊರಗು ಬಿಡಿ.

ಹಾಗಾದ್ರೆ ಸ್ಕ್ಯಾನ್ ಯಾಕೆ ಅಂತೀರಾ? ಹೊರಗೆ ಕೈಗೆ ಸಿಗೋದು ಅರ್ಧ ಕಥೆ ಮಾತ್ರ. ಒಳಪದರವೂ ಸವೆದು ಮಿದುಳಿನ ಹೊದಿಕೆ ಮುಟ್ಟಿದೆಯೇ ಎಂಬುದು ಬೆರಳಿಗೆ ತಿಳಿಯದು. ಸಾದಾ ಎಕ್ಸ್‌ರೇಯಲ್ಲಿ ಅಂಚು ಸ್ಪಷ್ಟವಾಗಿರುವ, ಸುತ್ತ ಬಿಳಿಗೆರೆ ಎಳೆದಂಥ ಗುಂಡನೆಯ ಕಪ್ಪು ಜಾಗ ಕಾಣುತ್ತೆ. ಮೂಳೆಯ ಎರಡು ಪದರಗಳಲ್ಲಿ ಯಾವುದು ಎಷ್ಟು ಸವೆದಿದೆ ಎಂದು ಹೇಳುವುದು ಸಿ.ಟಿ. ಸ್ಕ್ಯಾನ್. ಎಂ.ಆರ್.ಐ.ಯದು ಇನ್ನೊಂದು ಜಾಣ್ಮೆ: ನೀರಿನ ಕಣಗಳ ಓಡಾಟ ಅಳೆಯುವ 'ಡಿಫ್ಯೂಷನ್' ಚಿತ್ರದಲ್ಲಿ ಎಪಿಡರ್ಮಾಯ್ಡ್ ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತೆ, ಬರೀ ನೀರಿನ ಗುಳ್ಳೆ ಹೊಳೆಯೋಲ್ಲ. ಡರ್ಮಾಯ್ಡ್‌ನೊಳಗಿನ ಕೊಬ್ಬು ಎರಡೂ ಸ್ಕ್ಯಾನುಗಳಲ್ಲಿ ಗುರುತು ಸಿಗುತ್ತೆ. ಆದರೂ ಮಕ್ಕಳ ಬುರುಡೆಯಲ್ಲಿ ತೂತು ಮಾಡುವ ಬೇರೆ ಕಾಯಿಲೆಗಳೂ ಇವೆ. ಕೊನೆಯ ಮಾತು ಗಂಟನ್ನು ತೆಗೆದು ಪರೀಕ್ಷಿಸಿದ ಮೇಲೆಯೇ.

ವಿಕಿರಣದ ಭಯವೇ? ತಲೆಯ ಒಂದು ಸಿ.ಟಿ.ಗೆ ಸುಮಾರು 2 ಮಿಲಿಸೀವರ್ಟ್. ಭೂಮಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಹೇಗೂ ಬರುತ್ತೆ. ಬೇಕಾದಾಗ ಮಾಡಿಸಿ, ಸುಮ್ಮಸುಮ್ಮನೆ ಬೇಡ. ಪುಟ್ಟ ಮಕ್ಕಳಿಗೆ ಮೊದಲು ಅಲ್ಟ್ರಾಸೌಂಡ್ ಸಾಕಾ ಅಂತ ವೈದ್ಯರನ್ನು ಕೇಳಿ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲ, ಆದರೆ ದೊಡ್ಡ ಅಯಸ್ಕಾಂತವಿದೆ. ಹೇರ್‌ಪಿನ್, ಸೇಫ್ಟಿಪಿನ್, ಬಳೆ, ಗೆಜ್ಜೆ ಎಲ್ಲ ಬಿಚ್ಚಿಡಬೇಕು. ಮಗುವಿನ ಜೊತೆ ಒಳಗೆ ಹೋಗುವುದಾದರೆ ನಿಮ್ಮ ಸೆರಗಿನ ಪಿನ್ನೂ! ಡಬಡಬ ಸದ್ದಿಗೆ ಮಕ್ಕಳು ಅಳ್ತಾವೆ, ಅಲುಗಾಡಿದರೆ ಚಿತ್ರ ಕೆಡುತ್ತೆ. ಅದಕ್ಕೇ ಕೆಲವು ಮಕ್ಕಳಿಗೆ ನಿದ್ದೆ ಬರಿಸ್ತಾರೆ. ಹಾಗಿದ್ದಲ್ಲಿ ಎಷ್ಟು ಹೊತ್ತು ಹಾಲು, ತಿಂಡಿ ಕೊಡಬಾರದು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಗಂಟು ನೆತ್ತಿಯಿಂದ ಮೂಗಿನವರೆಗಿನ ನಡುಗೆರೆಯಲ್ಲಿದ್ದರೆ, ಅದರಲ್ಲೂ ಮೂಗಿನ ಮೇಲೆ ಪುಟ್ಟ ಗುಳಿ, ಅದರಿಂದೊಂದು ಕೂದಲು ಇಣುಕುತ್ತಿದ್ದರೆ, ಹಿಚುಕಬೇಡಿ, ಸೂಜಿ ಹಾಕಿಸಬೇಡಿ. ಆ ಗುಳಿಯ ದಾರಿ ಒಳಗೆ ಮಿದುಳಿನವರೆಗೂ ಇರಬಹುದು, ಸೋಂಕು ಆ ದಾರಿಯಲ್ಲೇ ಹೋಗುತ್ತೆ. ಮೊದಲು ಸ್ಕ್ಯಾನ್, ಆಮೇಲೆ ಕತ್ತರಿ.

ಹುಲಿಯೂರುದುರ್ಗದಿಂದ ಕುಣಿಗಲ್ಲಿಗೋ ತುಮಕೂರಿಗೋ ಹೋಗಿ ಮೊದಲು ವೈದ್ಯರಿಗೆ ತೋರಿಸಬಹುದು. ಮೂಳೆಯೊಳಗಿನದು ಅಂತಾದರೆ ನರಶಸ್ತ್ರಚಿಕಿತ್ಸಕರು ಬೇಕು. ಬೆಂಗಳೂರಿನ ನಿಮ್ಹಾನ್ಸ್ ಇರುವುದೇ ಇಂಥದ್ದಕ್ಕೆ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ. ತೆಗೆಯುವಾಗ ಗಂಟಿನ ಚೀಲ ಪೂರ್ತಿ ಬರಬೇಕು, ಚೂರು ಉಳಿದರೂ ಮತ್ತೆ ಬೆಳೆಯಬಹುದು. ಅದಕ್ಕೇ ಹಳೇ ಸ್ಕ್ಯಾನಿನ ಫಿಲ್ಮು, ಸಿ.ಡಿ. ಯಾವುದನ್ನೂ ಎಸೆಯಬೇಡಿ. ಮುಂದಿನ ಸಲ ವೈದ್ಯರು ಹೊಸದನ್ನು ಅದರ ಪಕ್ಕದಲ್ಲಿಟ್ಟೇ ನೋಡೋದು.