ಮೈಲುತುತ್ತ ನೆಲದಲ್ಲಿ ಸಿಗುತ್ತದೆಯೇ?

ಪ್ರಶ್ನೆ: ಅಡಿಕೆ ಕೊಳೆರೋಗಕ್ಕೆ ನಾವು ಸುಣ್ಣದ ಜೊತೆ ಬೆರೆಸಿ ಸಿಂಪಡಿಸುವ ಮೈಲುತುತ್ತ ಕಾರ್ಖಾನೆಯಲ್ಲಿ ತಯಾರಾಗುವುದೇ, ಇಲ್ಲವೇ ಗಣಿಯಲ್ಲೂ ಸಿಗುತ್ತದೆಯೇ?

ಉತ್ತರ: ಅಂಗಡಿಯ ಮೈಲುತುತ್ತ ಕಾರ್ಖಾನೆಯದು. ಆದರೆ ಅದೇ ವಸ್ತು ಖನಿಜವಾಗಿಯೂ ಅಪರೂಪಕ್ಕೆ ಸಿಗುತ್ತದೆ. ಅದರ ಹೆಸರು ಚಾಲ್ಕಾಂಥೈಟ್.

ತಾಮ್ರ ಮತ್ತು ಗಂಧಕವಿರುವ ಚಾಲ್ಕೋಪೈರೈಟ್‌ನಂಥ ಅದಿರಿಗೆ ಗಾಳಿ, ನೀರು ತಗುಲಿದಾಗ ತಾಮ್ರದ ಸಲ್ಫೇಟ್ ಉಂಟಾಗಿ ನೀರಿನಲ್ಲಿ ಕರಗುತ್ತದೆ. ಆ ನೀರು ಹಳೆಯ ಸುರಂಗಗಳ ಗೋಡೆಯಲ್ಲಿ ಜಿನುಗಿ ಆರಿದರೆ ಕಡುನೀಲಿ ಹೆಪ್ಪು, ಎಳೆ, ಹರಳುಗಳು ಉಳಿಯುತ್ತವೆ. ಮಳೆ ಬಿದ್ದರೆ ಮತ್ತೆ ಕರಗಿಹೋಗುತ್ತವೆ. ಆದ್ದರಿಂದಲೇ ಒಣಪ್ರದೇಶಗಳಲ್ಲಿ ಮಾತ್ರ ಇದು ಹೇರಳವಾಗಿ ಉಳಿದೀತು. ಚಿಲಿ ದೇಶದ ಅಟಕಾಮಾ ಮರುಭೂಮಿಯ ಚುಕಿಕಮಾಟಾ ತಾಮ್ರದ ಗಣಿ ಇದಕ್ಕೆ ಹೆಸರುವಾಸಿ.

ತಾಮ್ರದ ಸಲ್ಫೇಟಿನ ಒಂದು ಘಟಕಕ್ಕೆ ಐದು ನೀರಿನ ಅಣುಗಳು ಸೇರಿ ಈ ಹರಳು ಆಗಿದೆ. ತೂಕದಲ್ಲಿ ಶೇ. 36ರಷ್ಟು ನೀರೇ! ನಾಲ್ಕು ಅಣುಗಳು ತಾಮ್ರವನ್ನು ಸುತ್ತುವರಿದಿರುತ್ತವೆ. ನೀಲಿ ಬಣ್ಣಕ್ಕೆ ಈ ಜೋಡಣೆಯೇ ಕಾರಣ. ಚೆನ್ನಾಗಿ ಕಾಯಿಸಿದರೆ ನೀರೆಲ್ಲ ಹೋಗಿ ಬಿಳಿಪುಡಿ ಉಳಿಯುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿದ್ದರೆ ಸಾಕು, ನೀಲಿ ಮರಳುತ್ತದೆ. ಗಡಸುತನ ಮೋಸ್ ಅಳತೆಯಲ್ಲಿ ಸುಮಾರು 2.5, ಅಂದರೆ ತಾಮ್ರದ ನಾಣ್ಯದಿಂದಲೂ ಗೀರಬಹುದು.

ಖನಿಜ ಸಂಗ್ರಹಿಸುವವರಿಗೊಂದು ಕಿವಿಮಾತು: ಮಾರಾಟಕ್ಕೆ ಬರುವ ದೊಡ್ಡ, ಹೊಳಪಿನ ಹರಳುಗಳಲ್ಲಿ ಬಹಳಷ್ಟು ದ್ರಾವಣದಿಂದ ಬೆಳೆಸಿದವು. ಗಣಿಯದಾಗಲಿ, ಅಂಗಡಿಯದಾಗಲಿ, ಮೈಲುತುತ್ತ ವಿಷ. ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.