ಕಣ್ಕಟ್ಟಿನ ಹಡಗುಗಳು

1917ರ ವಸಂತ. ಬ್ರಿಟನ್ನಿಗೆ ಸರಕು ಹೊತ್ತು ಬರುತ್ತಿದ್ದ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಒಂದರ ಹಿಂದೊಂದು ಮುಳುಗಿಸುತ್ತಿದ್ದ ಕಾಲ. ಕಡಲಚಿತ್ರಗಳಿಗೆ ಹೆಸರಾಗಿದ್ದ ನಾರ್ಮನ್ ವಿಲ್ಕಿನ್ಸನ್ ಆಗ ನೌಕಾಪಡೆಯ ಅಧಿಕಾರಿ. ರಜೆಯಲ್ಲಿ ಮೀನು ಹಿಡಿಯಲು ಹೋಗಿದ್ದವನಿಗೆ ಮರಳುವ ರೈಲಿನಲ್ಲಿ ಹೊಳೆದದ್ದು ಇಷ್ಟು: ಗಳಿಗೆಗೊಂದು ಬಣ್ಣ ತಾಳುವ ಆಕಾಶದಡಿ, ಹೊಗೆಯುಗುಳುವ ಹಡಗನ್ನು ಅಡಗಿಸುವುದು ಆಗದ ಮಾತು. ಕಂಡರೆ ಕಾಣಲಿ, ನೋಡುವವನ ಲೆಕ್ಕ ತಪ್ಪಿದರೆ ಸಾಕು.

ಆ ಲೆಕ್ಕ ಸೂಕ್ಷ್ಮವಾದದ್ದು. ಟಾರ್ಪೆಡೊವನ್ನು ಹಡಗು ಇರುವ ಜಾಗಕ್ಕಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಅದು ತಲುಪುವ ಜಾಗಕ್ಕೆ ಬಿಡಬೇಕು. ಪೆರಿಸ್ಕೋಪಿನಲ್ಲಿ ಕ್ಷಣಮಾತ್ರ ಇಣುಕಿ ದೂರ, ವೇಗ, ದಿಕ್ಕು ಮೂರನ್ನೂ ಅಂದಾಜಿಸಬೇಕು. ಹಡಗಿನ ಮೈಗೆ ಓರೆಕೋರೆ ಪಟ್ಟೆ ಬಳಿದರೆ ಮೂತಿ ಯಾವ ಕಡೆ ತಿರುಗಿದೆ ಎಂಬುದೇ ಗೊಂದಲ. ‘ಡ್ಯಾಜಲ್’ ಎಂಬ ಹೆಸರು ಬಿದ್ದದ್ದು ಇದಕ್ಕೇ.

ಲಂಡನ್ನಿನ ರಾಯಲ್ ಅಕಾಡೆಮಿಯ ಕೋಣೆಗಳಲ್ಲಿ ಕೆಲಸ ಶುರುವಾಯಿತು. ಪುಟ್ಟ ಮರದ ಹಡಗುಗಳಿಗೆ ಬಣ್ಣ ಹಚ್ಚುತ್ತಿದ್ದವರಲ್ಲಿ ಹೆಚ್ಚಿನವರು ಕಲಾಶಾಲೆಗಳಿಂದ ಬಂದ ಹುಡುಗಿಯರು. ಮಾದರಿಯನ್ನು ತಿರುಗುಮೇಜಿನ ಮೇಲಿಟ್ಟು ಪೆರಿಸ್ಕೋಪಿನಿಂದ ನೋಡುತ್ತಿದ್ದರು. ಕಣ್ಣು ಮೋಸಹೋದರೆ ನಕ್ಷೆ ಬಂದರಿಗೆ ಹೋಗುತ್ತಿತ್ತು. ನೋಡಲು ಬಂದ ದೊರೆ ಐದನೇ ಜಾರ್ಜ್ ಕೂಡ ದಿಕ್ಕು ತಪ್ಪು ಹೇಳಿದನಂತೆ. ಎಡಮಗ್ಗುಲಿಗೊಂದು ವಿನ್ಯಾಸ, ಬಲಮಗ್ಗುಲಿಗೆ ಇನ್ನೊಂದು. ಹೀಗೆ ಬಣ್ಣ ಬಳಿಸಿಕೊಂಡ ಬ್ರಿಟಿಷ್ ಹಡಗುಗಳು 2,000ಕ್ಕೂ ಹೆಚ್ಚು.

ಯುದ್ಧ ಮುಗಿದದ್ದೇ ಪಟ್ಟೆಗಳ ಮೇಲೆ ಮಾಮೂಲಿ ಬಣ್ಣ ಬಿತ್ತು. ಉಳಿದದ್ದು ಕಾಗದದಲ್ಲಿ ಮತ್ತು ಆ ಮಾದರಿಗಳಲ್ಲಿ. ಡೆಕ್ಕಿನ ಮೇಲೋ ಬಂದರಿನಲ್ಲೋ ಯಾರೋ ಕ್ಲಿಕ್ಕಿಸಿದ ಕಪ್ಪುಬಿಳುಪು ಫೋಟೊಗಳು ಪಟ್ಟೆಯ ಅಂಚನ್ನು ನಿಖರವಾಗಿ ತೋರಿಸುತ್ತವೆ, ಬಣ್ಣದ ವಿಷಯದಲ್ಲಿ ಮಾತ್ರ ಸುಳ್ಳು ಹೇಳುತ್ತವೆ. ಅಂದಿನ ಸಾಮಾನ್ಯ ಫೋಟೊ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಬೆಳ್ಳಗಾಗುತ್ತಿತ್ತು. ಫೋಟೊದಲ್ಲಿ ಬಿಳಿಯೆಂದು ತೋರುವ ಪಟ್ಟೆ ತಿಳಿನೀಲಿಯೂ ಆಗಿದ್ದೀತು. ಜನರ ಮನಸ್ಸಿನಲ್ಲಿ ಈ ಹಡಗುಗಳೆಲ್ಲ ಬರೀ ಕಪ್ಪುಬಿಳಿಯಾಗಿ ಉಳಿದದ್ದರ ಹಿಂದೆ ಇದೂ ಇದೆ.

ಇಲ್ಲಿ ಕುಂಚದವರೇ ಸಾಕ್ಷಿ. ಕೆನಡಾದ ಹ್ಯಾಲಿಫ್ಯಾಕ್ಸ್‌ನ ಕಲಾಶಾಲೆಯಲ್ಲಿ ಪಾಠ ಮಾಡುತ್ತಿದ್ದ ಆರ್ಥರ್ ಲಿಸ್ಮರ್ ಬಂದರಿನ ಓಡಾಟವನ್ನು ಸ್ಕೆಚ್ ಮಾಡಿಕೊಂಡ. ಮನೆಗೆ ಮರಳುವ ಸೈನಿಕರನ್ನು ತುಂಬಿಕೊಂಡು ಬಂದ ‘ಒಲಿಂಪಿಕ್’ ಹಡಗು (‘ಟೈಟಾನಿಕ್’ನ ಅಕ್ಕ) ಅವನ ಚಿತ್ರದಲ್ಲಿ ಬಣ್ಣಬಣ್ಣವಾಗಿಯೇ ಉಳಿದಿದೆ. ಲಿವರ್‌ಪೂಲಿನಲ್ಲಿ ಪೇಂಟಿಂಗ್ ಕೆಲಸದ ಉಸ್ತುವಾರಿ ನೋಡಿಕೊಂಡಿದ್ದ ಎಡ್ವರ್ಡ್ ವ್ಯಾಡ್ಸ್‌ವರ್ತ್ 1919ರಲ್ಲಿ ಬರೆದ ದೊಡ್ಡ ಚಿತ್ರ ಈಗ ಒಟ್ಟಾವದಲ್ಲಿದೆ. ಹಾಗೆಂದು ಚಿತ್ರಕಾರರನ್ನೂ ಪೂರ್ತಿ ನಂಬುವಂತಿಲ್ಲ, ಅಂದಕ್ಕಾಗಿ ಗೆರೆ ಬಾಗಿಸುವ ಚಾಳಿ ಅವರಿಗುಂಟು. ಅಮೆರಿಕದ ರೋಡ್ ಐಲೆಂಡ್ ಕಲಾಶಾಲೆ ಜೋಪಾನ ಮಾಡಿರುವ ನೂರಾರು ಬಣ್ಣದ ನಕ್ಷೆಗಳನ್ನು ಫೋಟೊ, ಸ್ಕೆಚ್‌ಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಒಂದು ಹಡಗು ಸರಿಯಾಗಿ ಕಂಡೀತು.

ಇಷ್ಟೆಲ್ಲ ಮಾಡಿ ಹಡಗುಗಳು ಉಳಿದವೇ? ಬ್ರಿಟಿಷ್ ನೌಕಾಪಡೆಗೆ ಅಂಕಿಅಂಶಗಳಲ್ಲಿ ಲಾಭ ಕಾಣಲಿಲ್ಲ. ನಾವಿಕರಿಗೆ ಧೈರ್ಯ ಬರುತ್ತದೆಂದು ಮುಂದುವರಿಸಿತು. 1919ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬ ಮಾದರಿ ಹಡಗುಗಳಿಂದ ನಡೆಸಿದ್ದ ಪ್ರಯೋಗವನ್ನು ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಮತ್ತೆ ಪರಿಶೀಲಿಸಿದರು. ಹಡಗು ದಿಗಂತದ ಗೆರೆಗುಂಟವೇ ಸಾಗುತ್ತಿದೆ ಎಂದು ಭಾವಿಸುವುದು ನಮ್ಮ ಕಣ್ಣಿನ ಸಹಜ ಅಭ್ಯಾಸ; ನೋಡುಗರನ್ನು ಹೆಚ್ಚು ದಾರಿ ತಪ್ಪಿಸಿದ್ದು ಅದೇ, ಪಟ್ಟೆಗಳ ಪಾಲು ಚಿಕ್ಕದು ಎಂಬುದು ಅವರ ತೀರ್ಮಾನ.